ತೊಟ್ಟಿಲೂ ತಂಬೂರಿಯೂ

(ಪೊನ್ನಂಪೇಟೆಯ ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಸಂಗೀತದ ವಿಷಯವಾಗಿ ಮಾತನಾಡಲು ವಕೀಲನೊಬ್ಬನನ್ನು ಕರೆದಿರುವ ನಿಮ್ಮ ಧೈರ್ಯವನ್ನು ಮೊದಲು ಕೊಂಡಾಡಬೇಕಾಗಿದೆ. ನಮಗೆ ರಾಗಜ್ಞಾನವಿಲ್ಲ. ಶ್ರುತಿ ತಪ್ಪಿದರೆ ಮುಖ ಕಿವಿಚುವಷ್ಟು ಕಿವಿಯುಂಟು, ಅಷ್ಟೇ. ಆದರೂ ಒಪ್ಪಿಕೊಂಡೆವು, ಒಪ್ಪಿಕೊಂಡುದಕ್ಕೆ ಕಾರಣವನ್ನು ಮಾತಿನ ಕೊನೆಗೆ ಅರಿಕೆ ಮಾಡುತ್ತೇವೆ.

ತಾವು ನಮಗೆ ಕೊಟ್ಟ ವಿಷಯವು, ತಾಯ್ತನವೂ ಗಾಯನವೃತ್ತಿಯೂ ಒಂದೇ ಹೆಣ್ಣಿನಲ್ಲಿ ಕೂಡಿ ಬಾಳಬಲ್ಲವೇ ಎಂಬುದು. ಇಂತಹ ಪ್ರಶ್ನೆಯನ್ನು ಗಾಳಿಯಲ್ಲಿಟ್ಟು ಚರ್ಚಿಸುವುದು ಸುಲಭ. ಒಬ್ಬರು ಎದ್ದು ತಾಯಿಯೇ ದೇವರೆನ್ನುವರು. ಇನ್ನೊಬ್ಬರು ಎದ್ದು ಕಲೆಯೇ ದೇವರೆನ್ನುವರು. ಇಬ್ಬರಿಗೂ ಕೈಚಪ್ಪಾಳೆ ಬೀಳುವುದು. ಸಭೆ ಮುಗಿದ ಮೇಲೆ ಹೆಂಗಸರು ಮನೆಗೆ ಹೋಗಿ ಅಕ್ಕಿ ತೊಳೆಯುವರು. ನಮ್ಮ ಕೋರ್ಟುಗಳಲ್ಲಿ ಹಾಗೆ ನಡೆಯುವುದಿಲ್ಲ. ವಾದಿ ಯಾರು, ಪ್ರತಿವಾದಿ ಯಾರು, ನಡೆದುದೇನು, ಯಾರು ಏನನ್ನು ತೆತ್ತರು ಎಂಬುದು ಕಾಗದದ ಮೇಲೆ ಬಾರದೆ ನ್ಯಾಯಾಧೀಶರು ಬಾಯಿ ತೆರೆಯುವುದಿಲ್ಲ. ಆದುದರಿಂದ ಈ ಸಾಯಂಕಾಲ ಒಂದೇ ಒಂದು ಮೊಕದ್ದಮೆಯನ್ನು ತಮ್ಮ ಮುಂದಿಡುತ್ತೇವೆ. ಅದು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಬಾಳು.

ಹುಬ್ಬಳ್ಳಿಯ ಹಾಡುಗಾರ್ತಿಗೂ ಪೊನ್ನಂಪೇಟೆಗೂ ಏನು ಸಂಬಂಧವೆಂದು ಕೇಳುವವರಿದ್ದರೆ, ಅವರು 1924ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷವೇ ನಡಿಕೇರಿಯಂಡ ಚಿಣ್ಣಪ್ಪನವರು ಕೊಡಗಿನ ಹಾಡುಗಳನ್ನು ಕೂಡಿಸಿದ ‘ಪಟ್ಟೋಲೆ ಪಳಮೆ’ ಅಚ್ಚಾಯಿತು. ಆ ವರ್ಷದ ಡಿಸೆಂಬರಿನಲ್ಲಿಯೇ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಧಿವೇಶನ ಕೂಡಿತು. ಅದರೊಡನೆಯೇ ಸಿದ್ದಪ್ಪ ಕಂಬಳಿಯವರು ಅಧ್ಯಕ್ಷರಾಗಿದ್ದ ಕರ್ನಾಟಕ ಏಕೀಕರಣ ಸಮ್ಮೇಳನವೂ ನಡೆಯಿತು. ಆಗ ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಕೊಡಗು ಚೀಫ್ ಕಮಿಷನರರ ಕೈಯಲ್ಲಿತ್ತು; ಎರಡೂ ಒಂದೇ ರಾಜ್ಯದ ಸೂರಿನಡಿ ಬಂದದ್ದು 1956ರ ನವೆಂಬರ್ 1ರಂದು. ಬೆಳಗಾವಿಯ ಆ ಮಂಟಪದಲ್ಲಿ ಸ್ವಾಗತಗೀತೆ ಹಾಡಿದ ಬಾಲಿಕೆಯರಲ್ಲಿ ಧಾರವಾಡದ ಹನ್ನೊಂದು ವಯಸ್ಸಿನ ಗಂಗೂಬಾಯಿಯೂ ಒಬ್ಬಳು.

ನಾವು ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹೇಳದೆ ಮುಂದುವರಿಯಲಾರೆವು. ಅಂದು ಆ ಹುಡುಗಿಯ ಮನಸ್ಸಿನಲ್ಲಿದ್ದುದು ಗಾಂಧಿಯವರ ದರ್ಶನವೂ ಅಲ್ಲ, ಹಾಡು ಎಲ್ಲಿ ತಪ್ಪೀತೋ ಎಂಬ ಅಂಜಿಕೆಯೂ ಅಲ್ಲ. ಊಟವಾದ ಮೇಲೆ ಎಂಜಲೆಲೆಗಳನ್ನು ತೆಗೆಯಲು ತನಗೇ ಹೇಳಿಯಾರೋ ಎಂಬುದೇ ಅವಳ ಭಯವಾಗಿತ್ತೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಹಾಡುವ ಮನೆತನದಲ್ಲಿ ಹುಟ್ಟಿದ ಹೆಣ್ಣುಮಗು ಹನ್ನೊಂದು ವರ್ಷಕ್ಕೇ ಕಲಿತ ಪಾಠವದು. ಇನ್ನೂ ಚಿಕ್ಕವರಿದ್ದಾಗ ನೆರೆಯ ಸಿರಿವಂತರ ತೋಟಕ್ಕೆ ಮಾವಿನಕಾಯಿಗೆ ಹೋದರಂತೆ. ಕಾಯಿ ಕದ್ದುದಕ್ಕಿಂತ, ಹಾಡುವವರ ಮಗಳು ತೋಟದಲ್ಲಿ ಕಾಲಿಟ್ಟುದೇ ಅಲ್ಲಿ ದೊಡ್ಡ ಅಪರಾಧವಾಯಿತು. ಬೀದಿಯಲ್ಲಿ ನಡೆದರೆ ಹಾಡುವವಳೆಂದು ಕೂಗಿ ಹಂಗಿಸುವವರಿದ್ದರು. ತಾಯ್ತನಕ್ಕೂ ವೃತ್ತಿಗೂ ಹೊಂದಿಕೆಯೇ ಎಂದು ಇಂದು ನಾವು ಸುಖವಾಗಿ ಕುರ್ಚಿಯ ಮೇಲೆ ಕುಳಿತು ಕೇಳುತ್ತಿದ್ದೇವೆ. ಅವರ ಕಾಲದಲ್ಲಿ ಅದಕ್ಕೂ ಹಿಂದಿನ ಪ್ರಶ್ನೆಯೊಂದಿತ್ತು: ಹಾಡುವ ಹೆಣ್ಣಿಗೆ ಮರ್ಯಾದಸ್ಥರ ಬೀದಿಯಲ್ಲಿ ನಡೆಯುವ ಹಕ್ಕೇ ಇದೆಯೇ ಎಂಬುದು.

ಗಂಗೂಬಾಯಿಯವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದ ಶುಕ್ರವಾರಪೇಟೆಯಲ್ಲಿ. ತಂದೆ ಚಿಕ್ಕೂರಾಯ ನಾಡಗೇರರು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತ ವಿದುಷಿ. ಕಿರಾಣಾ ಘರಾಣೆಯ ಮಹಾಗಾಯಕರಾದ ಅಬ್ದುಲ್ ಕರೀಂಖಾನರಂತಹವರು ಅವರ ಮನೆಗೆ ಬಂದು ಆಕೆಯ ಹಾಡು ಕೇಳುತ್ತಿದ್ದರೆಂದರೆ ವಿದ್ವತ್ತು ಎಷ್ಟಿದ್ದಿರಬೇಕೆಂದು ಊಹಿಸಬಹುದು. ಆದರೆ ಮಗಳ ಒಲವು ಹಿಂದೂಸ್ಥಾನೀ ಗಾಯನದ ಕಡೆಗೆ ಹರಿಯಿತು. ಆಗ ಆ ತಾಯಿ ಮಾಡಿದ ಕೆಲಸವನ್ನು ಕೇಳಿರಿ. ತನ್ನ ಕರ್ನಾಟಕ ಪದ್ಧತಿಯ ನೆರಳು ಮಗಳ ಕಂಠದ ಮೇಲೆ ಬೀಳಬಾರದೆಂದು ತಾನೇ ಹಾಡುವುದನ್ನು ನಿಲ್ಲಿಸಿಬಿಟ್ಟರು. ಮಗಳ ಪಾಠಕ್ಕೆ ಅನುಕೂಲವಾಗಲೆಂದು 1928ರಲ್ಲಿ ಧಾರವಾಡವನ್ನು ಬಿಟ್ಟು ಸಂಸಾರವು ಹುಬ್ಬಳ್ಳಿಗೆ ಬಂದಿತು.

ಇದನ್ನು ಓದಿದಾಗಲೆಲ್ಲ ನಾವು ಪುಸ್ತಕವನ್ನು ಮಡಿಸಿಡುತ್ತೇವೆ. ಮಗುವಿಗೆ ಹಾಲುಣಿಸಿದ್ದನ್ನೂ, ಉಪವಾಸ ಬಿದ್ದದ್ದನ್ನೂ, ಒಡವೆ ಮಾರಿದ್ದನ್ನೂ ನಾವು ತಾಯಿಯ ತ್ಯಾಗದ ಲೆಕ್ಕಕ್ಕೆ ಬರೆಯುತ್ತೇವೆ. ಒಬ್ಬ ವಿದುಷಿ ತನ್ನ ವಿದ್ಯೆಯನ್ನೇ ಗಂಟಲಿನಲ್ಲಿ ನುಂಗಿಕೊಂಡು ಕುಳಿತುದನ್ನು ಯಾವ ಅಂಕಣದಲ್ಲಿ ಬರೆಯೋಣ? ಇದನ್ನು ಹಾಡಿ ಹೊಗಳುವುದು ನಮ್ಮಂತಹ ಗಂಡಸರಿಗೆ ಬಹಳ ಸುಲಭ. ಆದರೆ ಅಂಬಾಬಾಯಿಯವರು ಮತ್ತೂ ಹಾಡಿದ್ದರೆ ನಾಡು ಎಂಥ ಸಂಗೀತವನ್ನು ಕೇಳುತ್ತಿತ್ತೋ ಎಂಬ ಮಾತನ್ನು ಯಾರೂ ಎತ್ತುವುದಿಲ್ಲ.

ಆ ತಾಯಿ ಮಗಳ ಕೀರ್ತಿಯನ್ನು ಕಾಣಲು ಹೆಚ್ಚು ಕಾಲ ಉಳಿಯಲಿಲ್ಲ. 1930ರ ದಶಕದ ಮೊದಲಲ್ಲಿಯೇ ತೀರಿಕೊಂಡರು. ಅಷ್ಟರಲ್ಲಿ ಹದಿನಾರನೆಯ ವಯಸ್ಸಿನಲ್ಲಿಯೇ ಗಂಗೂಬಾಯಿಯವರ ಬಾಳು ಗುರುರಾವ್ ಕೌಲಗಿಯವರೊಡನೆ ಕೂಡಿತ್ತು. ಕೌಲಗಿಯವರು ನಮ್ಮ ವೃತ್ತಿಯವರೇ, ವಕೀಲರು. ಕೃಷ್ಣಾ ಎಂಬ ಮಗಳು, ನಾರಾಯಣ, ಬಾಬು ಎಂಬ ಗಂಡುಮಕ್ಕಳು ಹುಟ್ಟಿದರು. ಸಂಸಾರದ ಖರ್ಚಿನ ಭಾರವು ಬಹುಮಟ್ಟಿಗೆ ವಕೀಲರ ಗೌನಿನ ಮೇಲೆ ಬೀಳದೆ ಗಾಯಕಿಯ ಕಂಠದ ಮೇಲೆಯೇ ಬಿದ್ದಿತು. ನಮ್ಮ ವೃತ್ತಿಯವರ ಮಾನಕ್ಕಾಗಿ ಆ ಭಾಗವನ್ನು ನಾವು ಹೆಚ್ಚು ಬೆಳೆಸುವುದಿಲ್ಲ!

ಸಹೋದರಿಯರೇ, ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ತಾಯಿಯಾದವಳಿಗೆ ಸಂಗೀತವೇಕೆ, ಮನೆಗೆಲಸ ಮುಗಿದ ಮೇಲೆ ಹೊತ್ತು ಕಳೆಯಲು ಒಂದೆರಡು ದೇವರ ನಾಮ ಸಾಲದೇ ಎಂದು ಕೇಳುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ, ಪೊನ್ನಂಪೇಟೆಯಲ್ಲಿಯೂ ಇಲ್ಲದಿಲ್ಲ. ಗಂಗೂಬಾಯಿಯವರಿಗೆ ಸಂಗೀತವು ಹೊತ್ತು ಕಳೆಯುವ ಉಪಾಯವಾಗಿರಲಿಲ್ಲ. ಅದೇ ಮಕ್ಕಳ ಅನ್ನ, ಅದೇ ಶಾಲೆಯ ಫೀಜು, ಅದೇ ಮನೆಯ ಬಾಡಿಗೆ. ಹಾಡದಿದ್ದರೆ ತಾಯ್ತನವೇ ನಡೆಯುತ್ತಿರಲಿಲ್ಲ. ತೊಟ್ಟಿಲನ್ನೂ ತಂಬೂರಿಯನ್ನೂ ಎದುರೆದುರು ತಕ್ಕಡಿಗಳಲ್ಲಿಟ್ಟು ತೂಗುವವರು ತಕ್ಕಡಿಯನ್ನೇ ತಪ್ಪು ಹಿಡಿದಿದ್ದಾರೆ. ಆ ಮನೆಯಲ್ಲಿ ತೊಟ್ಟಿಲಿನ ಹಗ್ಗವನ್ನು ತಂಬೂರಿಯ ಬಿರಡೆಗೇ ಕಟ್ಟಿತ್ತು. ಹೊರಗೆ ಕಣ್ಣು ಹಾಯಿಸಿರಿ: ನಮ್ಮ ಕಾಫಿತೋಟಗಳಲ್ಲಿ ಮರದ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿ, ಅದರಲ್ಲಿ ಕೂಸನ್ನು ಮಲಗಿಸಿ, ಹಣ್ಣು ಕೊಯ್ಯುವ ಹೆಂಗಸರನ್ನು ತಲೆಮಾರುಗಳಿಂದ ನೋಡಿದ್ದೇವೆ. ಕೆಲಸಕ್ಕೂ ತಾಯ್ತನಕ್ಕೂ ಹೊಂದಿಕೆಯೇ ಎಂದು ಅವರನ್ನು ಯಾವ ತೋಟದ ಯಜಮಾನನೂ ಕೇಳಿದ್ದಿಲ್ಲ. ಕೂಲಿಗೆ ಹೊಂದುವ ತಾಯ್ತನವು ಕಲೆಗೆ ಮಾತ್ರ ಏಕೆ ಹೊಂದಬಾರದು?

ಇನ್ನು ಕುಂದಗೋಳದ ವಿಷಯ. ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರರು ಅಬ್ದುಲ್ ಕರೀಂಖಾನರ ಶಿಷ್ಯರು. ಅವರು ನಾಟಕ ಮಂಡಲಿಗಳ ಸಂಚಾರವನ್ನು ಬಿಟ್ಟು ತಮ್ಮ ಊರಿನಲ್ಲಿ ನಿಂತ ಮೇಲೆ, 1930ರ ದಶಕದ ಕಡೆಯ ವರ್ಷಗಳಲ್ಲಿ, ಗಂಗೂಬಾಯಿಯವರ ಪಾಠವು ನಿಯಮಿತವಾಗಿ ನಡೆಯತೊಡಗಿತು. ಆ ಹೊತ್ತಿಗೆ ಅವರು ಗೃಹಿಣಿ, ತಾಯಿ, ಧ್ವನಿಮುದ್ರಿಕೆಗಳಲ್ಲಿ ಹೆಸರಾದ ಗಾಯಕಿ. ಆದರೂ ಎಳೆಯ ವಿದ್ಯಾರ್ಥಿನಿಯಂತೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕುಂದಗೋಳದಲ್ಲಿ ಇಳಿಯುತ್ತಿದ್ದರು. ದೂರ ಬಹಳವಿಲ್ಲ, ಹನ್ನೆರಡು ಹದಿಮೂರು ಮೈಲಿ. ಆದರೆ ಚಿಕ್ಕ ಮಕ್ಕಳಿರುವ ಮನೆಯಿಂದ ಹೊರಡುವ ಹೆಣ್ಣಿಗೆ ಮೈಲಿಯ ಕಲ್ಲು ಲೆಕ್ಕಕ್ಕೆ ಬಾರದು. ರೈಲಿನ ವೇಳೆಗೆ ಮೊದಲು ಒಲೆ ಹೊತ್ತಬೇಕು, ಮಕ್ಕಳು ಉಣ್ಣಬೇಕು, ಜ್ವರ ಬಂದಿದ್ದರೆ ಹಣೆ ಮುಟ್ಟಿ ನೋಡಬೇಕು. ಸಂಜೆ ಪಾಠ ಮುಗಿದು ಕತ್ತಲಾದರೆ ಸ್ಟೇಷನಿನವರೆಗೆ ಜೊತೆಗೆ ಬರುತ್ತಿದ್ದವನು ಅದೇ ಗುರುಮನೆಯಲ್ಲಿ ಕಲಿಯುತ್ತಿದ್ದ ಗದಗಿನ ಕಡೆಯ ಹುಡುಗ, ಭೀಮಸೇನ ಜೋಶಿ. ಮುಂದೆ ಅವನೂ ಲೋಕವಿಖ್ಯಾತನಾದ. ಇಬ್ಬರೂ ಒಂದೇ ಗುರುವಿನ ಶಿಷ್ಯರು. ಒಬ್ಬನು ಗುರುಮನೆಯಲ್ಲಿಯೇ ಉಳಿದು ಹಗಲಿರುಳು ಸಾಧನೆ ಮಾಡಬಹುದಾಗಿತ್ತು, ಇನ್ನೊಬ್ಬರು ಗಡಿಯಾರ ನೋಡುತ್ತ ರೈಲಿಗೆ ಓಡಬೇಕಾಗಿತ್ತು. ಇದರಲ್ಲಿ ಭೀಮಸೇನರ ತಪ್ಪೇನೂ ಇಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗುರುಗಳ ಶಿಕ್ಷಣವೂ ಸುಲಭದ್ದಾಗಿರಲಿಲ್ಲ. ಒಂದು ಸ್ವರಸಮೂಹವನ್ನು ನೂರು ಬಾರಿ, ಸಾವಿರ ಬಾರಿ ಹೇಳಿಸುವರು, ಸರಿಯಾಗುವವರೆಗೂ ಮುಂದಿನದಿಲ್ಲ. ಜಿಪುಣನು ಹಣವನ್ನು ಎಣಿಸಿ ಎಣಿಸಿ ಬಿಚ್ಚುವಂತೆ ಸ್ವರಗಳನ್ನು ಬಿಚ್ಚಬೇಕೆಂಬುದು ಅವರ ಬೋಧೆ. ಇದನ್ನು ಕೇಳಿದಾಗ ನಮಗೊಂದು ಯೋಚನೆ ಹೊಳೆಯಿತು, ಸಂಗೀತಜ್ಞರು ಕ್ಷಮಿಸಬೇಕು. ಹೊತ್ತನ್ನು ಕಾಸಿನಂತೆ ಎಣಿಸಿ ಖರ್ಚು ಮಾಡಲು ಕಲಿತ ಗೃಹಿಣಿಗೆ ಈ ಪಾಠವು ಬಹುಶಃ ಬೇಗ ಹತ್ತಿರಬೇಕು. ಅವರ ಬಿಲಂಪತ್ ಖ್ಯಾಲನ್ನು ಕೇಳಿರಿ. ಅವಸರವೆಂಬುದೇ ಇಲ್ಲ. ಒಂದೊಂದು ಸ್ವರವನ್ನೂ ಇಟ್ಟು, ನಿಂತು, ನೋಡಿ, ಮುಂದಿನದಕ್ಕೆ ಹೋಗುವರು. ಮನೆಯಲ್ಲಿ ಒಂದು ಗಳಿಗೆ ಬಿಡುವಿಲ್ಲದವರು ಹಾಡಿನಲ್ಲಿ ಮಾತ್ರ ಬೇಕಾದಷ್ಟು ಬಿಡುವನ್ನು ತೆಗೆದುಕೊಂಡರು.

ಮೊದಮೊದಲು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದ ಅವರ ಗ್ರಾಮಫೋನು ತಟ್ಟೆಗಳಲ್ಲಿ ಕೇಳುವ ಕಂಠವು ತೆಳು, ಎತ್ತರ. ಆಮೇಲೆ ಗಂಟಲಿನ ಬೇನೆಗೆ ಚಿಕಿತ್ಸೆಯಾಗಿ ಕಂಠವೇ ಬದಲಾಯಿತು. ಗಂಡುದನಿಯೆಂದು ಭ್ರಮಿಸುವಷ್ಟು ಗಂಭೀರವಾಯಿತು. ಹಾಡಿನಿಂದಲೇ ಮನೆ ನಡೆಸುವ ತಾಯಿಗೆ ಕಂಠ ಒಡೆದರೆ ಹೇಗಾದೀತು! ಬೇರೆ ಯಾರಾದರೂ ಕೈಚೆಲ್ಲುತ್ತಿದ್ದರು. ಅವರು ಆ ಹೊಸ ಕಂಠವನ್ನೇ ತಮ್ಮದಾಗಿಸಿಕೊಂಡರು. 1945ರವರೆಗೆ ಭಜನೆ, ಠುಮ್ರಿಗಳನ್ನೂ ಹಾಡುತ್ತಿದ್ದವರು ಅನಂತರ ಅವನ್ನು ಬಿಟ್ಟು ಶುದ್ಧ ಶಾಸ್ತ್ರೀಯ ಗಾಯನಕ್ಕೇ ನಿಂತರು. ಜನಪ್ರಿಯವಾದುದನ್ನು ಬಿಟ್ಟು ಕಠಿಣವಾದುದನ್ನು ಹಿಡಿಯುವುದು ಸಂಸಾರಸ್ಥರಿಗೆ ಎಂಥ ಸಾಹಸವೆಂಬುದು ತಿಂಗಳ ಕೊನೆಯನ್ನು ಕಂಡವರಿಗೆ ತಿಳಿದಿದೆ.

ನಮ್ಮ ಕೊಡಗಿನಲ್ಲಿ ಮನೆಹೆಸರು ಮೊದಲು, ತನ್ನ ಹೆಸರು ಆಮೇಲೆ. ಹೆಸರು ಹೇಳಿದೊಡನೆಯೇ ಯಾವ ಒಕ್ಕದವನೆಂದು ಗೊತ್ತಾಗುತ್ತದೆ. ಅದು ತಂದೆಯ ಒಕ್ಕ. ಗಂಗೂಬಾಯಿಯವರ ಮನೆಯಲ್ಲಿ ಹಾಗಿರಲಿಲ್ಲ. ಹಾನಗಲ್ ಎಂಬುದು ತಾಯಿಯ ಕಡೆಯಿಂದ ಬಂದ ಹೆಸರು. ಅವರ ಮಕ್ಕಳೂ ಹಾನಗಲ್ಲರೇ ಆದರು. ಕೆಲವರು ಇದನ್ನು ಆ ಕುಲದ ಹೀನತೆಯ ಗುರುತೆಂದು ಎಣಿಸುತ್ತಿದ್ದರು. ಇಂದು ಮೈಸೂರಿಗೆ ಹೋದರೆ ರಾಜ್ಯದ ಸಂಗೀತ ವಿಶ್ವವಿದ್ಯಾನಿಲಯದ ಬಾಗಿಲ ಮೇಲೆ ಅದೇ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಕಾಣಬಹುದು. ಪ್ರಾಥಮಿಕ ಶಾಲೆಯನ್ನು ದಾಟದ ಹೆಣ್ಣುಮಗಳ ಹೆಸರಿನಲ್ಲಿ ವಿಶ್ವವಿದ್ಯಾನಿಲಯ! 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರ, 2002ರಲ್ಲಿ ಪದ್ಮವಿಭೂಷಣ ಬಂದವು. ಇಷ್ಟೆಲ್ಲ ಬಂದ ಮೇಲೆಯೂ ಅವರು ಒಂದು ಕಹಿಮಾತನ್ನು ನಗುತ್ತಲೇ ಆಡುತ್ತಿದ್ದರು. ಗಂಡಸು ಹಾಡಿದರೆ ಮುಸಲ್ಮಾನನಾದವನು ಉಸ್ತಾದನಾಗುವನು, ಹಿಂದುವಾದವನು ಪಂಡಿತನಾಗುವನು; ಕೇಸರಬಾಯಿ, ಮೋಗುಬಾಯಿಯಂಥವರು ಮಾತ್ರ ಕಡೆಯವರೆಗೂ ಬಾಯಿಗಳಾಗಿಯೇ ಉಳಿಯುವರು ಎಂಬುದು ಆ ಮಾತಿನ ತಾತ್ಪರ್ಯ.

ಮೋಗುಬಾಯಿಯವರ ಹೆಸರು ಬಂದುದರಿಂದ ಅವರನ್ನೂ ನೆನೆಯೋಣ. ಗೋವೆಯ ಕುರಡಿಯ ಮೋಗುಬಾಯಿ ಕುರ್ಡೀಕರರು ಅಲ್ಲಾದಿಯಾಖಾನರ ಶಿಷ್ಯೆ. ಪತಿಯನ್ನು ಬೇಗ ಕಳೆದುಕೊಂಡು, ಮೂವರು ಎಳೆಯ ಮಕ್ಕಳನ್ನು ಕಟ್ಟಿಕೊಂಡು, ಹಾಡಿಯೂ ಕಲಿಸಿಯೂ ಸಾಕಿದರು. ತಾಯಿಯೊಡನೆ ಕಚೇರಿಗಳಿಗೆ ಹೋಗುತ್ತಿದ್ದ ಹಿರಿಯ ಮಗಳು, ಗಾಯಕಿಯೆಂದು ಕರೆಸಿದವರು ತಾಯಿಯನ್ನು ಹೇಗೆ ನಡೆಸಿಕೊಳ್ಳುತ್ತಿದ್ದರೆಂಬುದನ್ನು ಕಣ್ಣಾರೆ ಕಂಡು, ಬೆಳೆದ ಮೇಲೆ ವೇದಿಕೆಯ ಮೇಲೆ ಯಾರಿಗೂ ತಲೆಬಾಗದ ಕಿಶೋರಿ ಅಮೋಣಕರ ಆದರು. ಅವರ ಸಿಟ್ಟನ್ನು ಅಹಂಕಾರವೆಂದವರು ಬಹಳ. ತಾಯಿಯ ಪಕ್ಕದಲ್ಲಿ ಕುಳಿತು ಕಲಿತ ಸಿಟ್ಟದು ಎಂದು ನಮ್ಮ ಅಭಿಪ್ರಾಯ.

ಗಂಗೂಬಾಯಿಯವರ ಮಗಳ ಕಥೆಯು ಬೇರೆ. ಕೃಷ್ಣಾ ಹಾನಗಲ್ಲರೂ ಒಳ್ಳೆಯ ಗಾಯಕಿ. ದಶಕಗಳ ಕಾಲ ತಾಯಿಯ ಬೆನ್ನ ಹಿಂದೆ ಕುಳಿತು ಹಾಡಿದರು. ತಾಯಿ ಉಸಿರು ತೆಗೆದುಕೊಂಡಾಗ ಸ್ವರವನ್ನು ಹಿಡಿದು ನಿಲ್ಲಿಸಿದರು. ವಯಸ್ಸಾದಂತೆ ತಾಯಿಯ ಕಂಠ ಏರಲಾರದ ಎಡೆಗೆ ತಾವು ಏರಿದರು. ಧ್ವನಿಮುದ್ರಿಕೆಗಳನ್ನು ಕೇಳುವಾಗ ಎಷ್ಟೋ ಕಡೆ ತಾಯಿ ಎಲ್ಲಿ ಮುಗಿದರು, ಮಗಳು ಎಲ್ಲಿ ಮೊದಲಾದರು ಎಂಬುದೇ ನಮಗೆ ತಿಳಿಯುವುದಿಲ್ಲ. ಆದರೆ ತಾಯಿಯ ಹೆಸರನ್ನು ಬಲ್ಲ ನೂರು ಜನರಲ್ಲಿ ಮಗಳ ಹೆಸರನ್ನು ಬಲ್ಲವರು ಎಷ್ಟು ಜನ? ಈ ಸಭೆಯಲ್ಲಿಯೇ ಕೈಯೆತ್ತಿಸಿ ನೋಡೋಣವೆಂದಿದ್ದೆವು, ಬೇಡ. ಮೂರು ತಲೆಮಾರಿನ ಈ ಲೆಕ್ಕವನ್ನು ಒಮ್ಮೆ ಕೂಡಿಸಿರಿ. ಒಬ್ಬಳು ನಡುವೆ ಕುಳಿತು ಹಾಡಲೆಂದು ಅವಳ ತಾಯಿ ಹಾಡುವುದನ್ನು ಬಿಟ್ಟಳು, ಅವಳ ಮಗಳು ಹಿಂದೆ ಕುಳಿತಳು. ಇದನ್ನು ದೂರೆಂದು ಹೇಳುತ್ತಿಲ್ಲ. ಮೂವರೂ ಒಲವಿನಿಂದಲೇ ಮಾಡಿದರು. ಆದರೆ ಕೊಟ್ಟವರೆಲ್ಲ ಹೆಂಗಸರೇ ಎಂಬುದನ್ನು ಲೆಕ್ಕ ಬಲ್ಲವರು ಗಮನಿಸದಿರಲಾರರು.

2004ರಲ್ಲಿ ಕೃಷ್ಣಾ ತೀರಿಕೊಂಡರು. ಆಗ ತಾಯಿಗೆ ತೊಂಬತ್ತೊಂದು ವರ್ಷ. ಎರಡು ವರ್ಷಗಳ ಮೇಲೆ, 2006ರ ಮಾರ್ಚ್‌ನಲ್ಲಿ, ಗಂಗೂಬಾಯಿಯವರು ಕಡೆಯ ಬಾರಿಗೆ ಸಭೆಯಲ್ಲಿ ಹಾಡಿದರು. ಬೆನ್ನ ಹಿಂದೆ ಆ ದನಿ ಇರಲಿಲ್ಲ. ತಾಯ್ತನವೂ ಗಾಯನವೂ ಎಂದು ನಾವು ಎರಡಾಗಿ ಬಿಡಿಸಿ ಮಾತನಾಡುತ್ತಿದ್ದೇವಷ್ಟೆ. ಅಂದಿನ ಆ ಹಾಡಿನಲ್ಲಿ ಯಾರಾದರೂ ಅವನ್ನು ಬಿಡಿಸಬಲ್ಲರೇ? 2009ರ ಜುಲೈ 21ರಂದು ಅವರು ಹುಬ್ಬಳ್ಳಿಯಲ್ಲಿ ಕಣ್ಮುಚ್ಚಿದರು. ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು.

ಕಾನೂನು ಏನು ಹೇಳುತ್ತದೆಂದು ನೀವು ವಕೀಲನನ್ನು ಕೇಳದೆ ಬಿಡಲಾರಿರಿ. 1961ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆ ಆಯಿತು. ಅದರಲ್ಲಿದ್ದ ಹನ್ನೆರಡು ವಾರಗಳ ಸಂಬಳಸಹಿತ ರಜೆಯನ್ನು 2017ರಲ್ಲಿ, ಮೊದಲೆರಡು ಹೆರಿಗೆಗಳಿಗೆ, ಇಪ್ಪತ್ತಾರು ವಾರಗಳಿಗೆ ಏರಿಸಿದರು. ಬಹಳ ಒಳ್ಳೆಯದು. ಆದರೆ ಆ ಸಂಬಳವನ್ನು ಕೊಡಬೇಕಾದವನು ಯಜಮಾನ. ಊರಿಂದೂರಿಗೆ ಹೋಗಿ ಹಾಡುವವಳಿಗೆ ಯಜಮಾನನೆಲ್ಲಿ? ಒಂದು ರಾಮನವಮಿಯ ಕಚೇರಿ, ಒಂದು ಗಣೇಶೋತ್ಸವದ ಕಚೇರಿ, ಇನ್ನೊಂದು ಮದುವೆಯ ಮನೆ. ಬಾಣಂತನದ ಆರು ತಿಂಗಳು ಹಾಡದಿದ್ದರೆ ಕರೆಯುವವರು ಬೇರೊಬ್ಬರನ್ನು ಕರೆಯುವರು. ಮುಂದಿನ ವರ್ಷವೂ ಅವರನ್ನೇ ಕರೆಯುವರು. ಯಾವ ಕೋರ್ಟಿಗೆ ಹೋಗೋಣ? ಕಂಠಕ್ಕಾದರೂ ರಜೆಯಿಲ್ಲ. ಹೆರಿಗೆಯಾದ ಹೆಣ್ಣಿಗೆ ಹೊಟ್ಟೆಯ ಬಲ ಕುಂದಿರುವುದರಿಂದ ಹಾಡಿಗೆ ಬೇಕಾದ ದೀರ್ಘ ಉಸಿರು ಮರಳಿ ಬರಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಬೆಳಗಿನ ಜಾವದ ಸಾಧನೆಯ ಹೊತ್ತಿಗೇ ಕೂಸು ಏಳುತ್ತದೆ. ಸಭೆಗಳನ್ನು ನಡೆಸುವ ಮಹನೀಯರಲ್ಲಿ ನಮ್ಮದೊಂದು ವಿಜ್ಞಾಪನೆ. ವಿದುಷಿಯನ್ನು ಕರೆಯುವಾಗ ಮಗುವಿಗೂ ಜೊತೆಯವರಿಗೂ ಒಂದು ಕೋಣೆಯನ್ನು, ಅವರ ಪ್ರಯಾಣದ ಖರ್ಚನ್ನು ಕರೆಯೋಲೆಯಲ್ಲಿಯೇ ಬರೆಯಿರಿ. ಹೆರಿಗೆಯ ವರ್ಷ ಬಾರಲಾಗದವರನ್ನು ಮರುವರ್ಷ ನೀವಾಗಿಯೇ ಕರೆಯಿರಿ. ಇದಕ್ಕೆ ಶಾಸನಸಭೆ ಕೂಡಬೇಕಾಗಿಲ್ಲ.

ಈಗ ನಾವು ಮೊದಲು ಮುಂದಕ್ಕೆ ಹಾಕಿದ ಮಾತು. ನಮ್ಮ ಮನೆಯಲ್ಲಿ ಒಂದು ತಂಬೂರಿಯುಂಟು. ನಮ್ಮ ಗೃಹಿಣಿಯವರು ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಮೊದಲನೆಯ ಮಗು ಹುಟ್ಟುವವರೆಗೆ ಬೆಳಿಗ್ಗೆ ಒಂದು ಗಂಟೆ ಅದರ ನಾದ ಕೇಳುತ್ತಿತ್ತು. ಮಗು ಹುಟ್ಟಿದ ಮೇಲೆ ಅದಕ್ಕೆ ಬಟ್ಟೆಯ ಗವಸು ಬಂತು; ಎರಡನೆಯ ಮಗುವಿನ ಮೇಲೆ ಅದು ಅಟ್ಟಕ್ಕೆ ಹೋಯಿತು. ಯಾರೂ ಬೇಡವೆನ್ನಲಿಲ್ಲ. ನಾವಂತೂ ಎಂದೂ ಬೇಡವೆನ್ನಲಿಲ್ಲವೆಂದು ಬಹಳ ವರ್ಷ ಹೆಮ್ಮೆಯಿಂದ ಹೇಳಿಕೊಂಡೆವು. ಬೆಳಗಿನ ಆ ಒಂದು ಗಂಟೆ ಮಗುವನ್ನು ನಾವು ಎತ್ತಿಕೊಳ್ಳುತ್ತೇವೆಂದೂ ಒಂದು ದಿನವೂ ಹೇಳಲಿಲ್ಲ ಎಂಬುದು ಕಳೆದ ಮಳೆಗಾಲದಲ್ಲಿ, ಗಂಗೂಬಾಯಿಯವರ ಚರಿತ್ರೆಯನ್ನು ಓದುತ್ತಿದ್ದಾಗ, ಕುಂದಗೋಳದ ರೈಲಿನ ಪ್ರಸಂಗದಲ್ಲಿ ನಮಗೆ ಹೊಳೆಯಿತು. ಅಷ್ಟು ಹೊತ್ತಿಗೆ ಮಗುವಿಗೆ ಹದಿನಾರು ವರ್ಷ.

ಅಟ್ಟದಿಂದ ಇಳಿಸಿ ನೋಡಿದೆವು. ನಮ್ಮ ಕೊಡಗಿನ ಮಳೆಯನ್ನು ತಾವು ಬಲ್ಲಿರಿ. ತಂತಿಗಳಿಗೆ ತುಕ್ಕು ಹಿಡಿದಿತ್ತು, ಒಂದು ಬಿರಡೆ ಸಡಿಲವಾಗಿತ್ತು. ಬುರುಡೆ ಮಾತ್ರ ಒಡೆದಿರಲಿಲ್ಲ. ಮೈಸೂರಿಗೆ ಕಳುಹಿಸಿ ಸರಿಮಾಡಿಸಿ ತಂದಿದ್ದೇವೆ. ಗೋಡೆಗೆ ಒರಗಿಸಿಟ್ಟು ಎರಡು ತಿಂಗಳಾಯಿತು. ಅವರು ಇನ್ನೂ ಮುಟ್ಟಿಲ್ಲ. ನಾವೂ ಕೇಳಿಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹೊತ್ತಿಸುವುದನ್ನು ಮಾತ್ರ ಕಲಿಯುತ್ತಿದ್ದೇವೆ. ಕಾಫಿ ಚೆನ್ನಾಗಿ ಬರುತ್ತಿಲ್ಲವೆಂದು ದೂರಿದೆ.